ಕಾಲರಾ ಪತ್ತೆ: ಕಿಟ್ ಸಾಕೇ, ಕಲ್ಚರ್ ಬೇಕೇ, ಉಪಗ್ರಹದಿಂದ ಏನು ಉಪಯೋಗ?

ಒಂದೇ ಬೀದಿಯ ಏಳೆಂಟು ಜನರಿಗೆ ಎರಡು ದಿನದೊಳಗೆ ವಾಂತಿಭೇದಿ ಶುರುವಾದರೆ ಊರಿನಲ್ಲಿ ಏಳುವ ಮೊದಲ ಪ್ರಶ್ನೆ, ಇದು ಕಾಲರಾನಾ? ಅದಕ್ಕೆ ಉತ್ತರ ಹುಡುಕಲು ಈಗ ಹಲವು ದಾರಿಗಳಿವೆ. ಕಾಲು ಗಂಟೆಯಲ್ಲಿ ಗೆರೆ ತೋರಿಸುವ ಕಿಟ್ ಇದೆ. ಮಲದ ಮಾದರಿಯಿಂದ ಬ್ಯಾಕ್ಟೀರಿಯಾ ಬೆಳೆಸಿ ನೋಡುವ, ಎರಡು ಮೂರು ದಿನ ಕಾಯಿಸುವ ಕಲ್ಚರ್ ಇದೆ. ಬ್ಯಾಕ್ಟೀರಿಯಾದ ಡಿಎನ್‌ಎ ಹುಡುಕುವ ಪಿಸಿಆರ್ ಇದೆ, ಆ ಡಿಎನ್‌ಎಯನ್ನು ಪೂರ್ತಿಯಾಗಿ, ಅಂದರೆ ಜೀನೋಮ್ ಓದುವ ಯಂತ್ರವೂ ಇದೆ. ರೋಗ ಎಲ್ಲೆಲ್ಲಿ ಹರಡುತ್ತಿದೆ ಎಂದು ತಿಳಿಯಲು ಆಶಾ ಕಾರ್ಯಕರ್ತೆಯ ಫೋನ್ ಕರೆಯಿಂದ ಹಿಡಿದು ಉಪಗ್ರಹದ ಮಳೆ ಲೆಕ್ಕದವರೆಗೆ ಸಾಧನಗಳಿವೆ.

ಇವುಗಳಲ್ಲಿ ಯಾವುದು ಎಲ್ಲಕ್ಕಿಂತ ಒಳ್ಳೆಯದು ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ಇವತ್ತು ನಮಗೆ ಏನು ತಿಳಿಯಬೇಕು, ತಿಳಿದ ಮೇಲೆ ನಾಳೆ ಏನು ಮಾಡಬಲ್ಲೆವು ಎಂದು ಕೇಳಿಕೊಂಡರೆ ಆಯ್ಕೆ ಬಹಳ ಸುಲಭವಾಗುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು, ಲ್ಯಾಬ್ ಟೆಕ್ನಿಷಿಯನ್‌ಗಳು, ಪಂಚಾಯಿತಿ ಸದಸ್ಯರು, ಆರೋಗ್ಯದ ಸುದ್ದಿ ಬರೆಯುವ ಪತ್ರಕರ್ತರು, ಇವರೆಲ್ಲರನ್ನೂ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ.

ಕಾಲರಾ ನಮ್ಮ ಅಜ್ಜ ಅಜ್ಜಿಯರ ಕಾಲಕ್ಕೇ ಮುಗಿದುಹೋದ ರೋಗ ಎಂದುಕೊಂಡವರು ಜಾಸ್ತಿ. ಹಾಗೇನೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಗೆ 2023ರಲ್ಲಿ 45 ದೇಶಗಳಿಂದ 5,35,321 ಪ್ರಕರಣ, 4,007 ಸಾವು ವರದಿಯಾದವು. 2024ರಲ್ಲಿ ಸಾವಿನ ಸಂಖ್ಯೆ 6,000 ದಾಟಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ಬೆಂಗಳೂರಿನ ಒಂದು ವೈದ್ಯಕೀಯ ಕಾಲೇಜಿನ ಹಾಸ್ಟೆಲ್‌ನ ಹಲವು ವಿದ್ಯಾರ್ಥಿನಿಯರು ವಾಂತಿಭೇದಿಯಿಂದ ಆಸ್ಪತ್ರೆ ಸೇರಿದಾಗ ನಮ್ಮ ಪತ್ರಿಕೆಗಳಲ್ಲೂ ಕಾಲರಾದ ಹೆಸರು ಮತ್ತೆ ಬಂತು.

ಚಿಕಿತ್ಸೆ ಪರೀಕ್ಷೆಗಾಗಿ ಕಾಯಬಾರದು

ಯಾವ ಹೋಲಿಕೆಗೂ ಮೊದಲು ಒಂದು ಮಾತು ಖಚಿತವಾಗಿರಲಿ. ಕೆಳಗೆ ಹೇಳುವ ಯಾವ ಪರೀಕ್ಷೆಯೂ ರೋಗಿಗೆ ಓಆರ್‌ಎಸ್ ಕೊಡಬೇಕೇ, ಡ್ರಿಪ್ ಹಾಕಬೇಕೇ ಎಂದು ನಿರ್ಧರಿಸಲು ಅಲ್ಲ. ಅಕ್ಕಿ ತೊಳೆದ ನೀರಿನಂಥ ಭೇದಿ ಆಗುತ್ತಿರುವ, ಕಣ್ಣು ಗುಳಿಬಿದ್ದ, ಚರ್ಮ ಚಿವುಟಿದರೆ ಮಡಿಕೆ ಹಾಗೇ ನಿಲ್ಲುವ ರೋಗಿ ಕೆಲವೇ ಗಂಟೆಗಳಲ್ಲಿ ಸಾಯಬಹುದು. ಕಿಟ್‌ನಲ್ಲಿ ಗೆರೆ ಬರಲಿ, ಬಾರದಿರಲಿ, ಕಳೆದುಹೋದ ನೀರು ಮತ್ತು ಉಪ್ಪನ್ನು ವಾಪಸ್ ತುಂಬಲೇಬೇಕು. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಡಾ. ದಿಲೀಪ್ ಮಹಾಲನೊಬಿಸ್ ಅವರ ತಂಡ ಮಾಡಿದ್ದು ಇದನ್ನೇ. ಉಪ್ಪು, ಸಕ್ಕರೆ, ಸೋಡಾ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಟ್ಟು, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ಶೇ 30ರ ಆಸುಪಾಸಿನಲ್ಲಿದ್ದ ಸಾವಿನ ಪ್ರಮಾಣ ಶೇ 4ಕ್ಕಿಂತ ಕೆಳಗೆ ಇಳಿಯಿತು. ಅಲ್ಲಿ ಯಾರೂ ಲ್ಯಾಬ್ ವರದಿಗಾಗಿ ಕಾದು ಕೂರಲಿಲ್ಲ.

ಹಾಗಾದರೆ ಪರೀಕ್ಷೆ ಯಾಕೆ? ಊರಿಗಾಗಿ. ಇನ್ನೂ ರೋಗ ಬಾರದ ನೂರಾರು ಜನರಿಗಾಗಿ. ನೀರು ಎಲ್ಲಿ ಕೆಟ್ಟಿದೆ, ಯಾವ ಬೀದಿಗೆ ಮೊದಲು ಹೋಗಬೇಕು, ಯಾವ ಔಷಧಿ ಕೆಲಸ ಮಾಡುತ್ತದೆ, ಲಸಿಕೆ ಕೇಳಬೇಕೇ, ಇವೆಲ್ಲ ಪರೀಕ್ಷೆಯ ಮೇಲೆ ನಿಂತಿವೆ. ಲಸಿಕೆಯ ಮಾತು ಈಗ ಇನ್ನೂ ಮುಖ್ಯ. ಜಗತ್ತಿನಲ್ಲಿ ಕಾಲರಾ ಲಸಿಕೆ ಎಷ್ಟು ಕಡಿಮೆ ಇದೆಯೆಂದರೆ, 2022ರ ಅಕ್ಟೋಬರ್‌ನಿಂದ ಕಾಲರಾ ಎದ್ದ ಕಡೆ ಎರಡು ಡೋಸ್ ಬದಲು ಒಂದೇ ಡೋಸ್ ಕೊಡುವ ನಿರ್ಧಾರವಾಯಿತು. ಕಾಲರಾ ಅಲ್ಲದ ಭೇದಿಗೆ ಆ ಡೋಸ್‌ಗಳನ್ನು ಖರ್ಚು ಮಾಡಿದರೆ ಇನ್ನೆಲ್ಲೋ ಒಂದು ಊರಿಗೆ ಇಲ್ಲದಂತಾಗುತ್ತದೆ.

ಕಿಟ್: ಬೇಗ ಎಚ್ಚರಿಸುತ್ತದೆ, ಆದರೆ ತೀರ್ಪು ಕೊಡುವುದಿಲ್ಲ

ಆರ್‌ಡಿಟಿ ಎಂದು ಎಲ್ಲರೂ ಕರೆಯುವ ತ್ವರಿತ ಪರೀಕ್ಷೆಯ ಕಿಟ್ ನೋಡಲು ಗರ್ಭ ಪರೀಕ್ಷೆಯ ಪಟ್ಟಿಯ ಹಾಗೇ ಇರುತ್ತದೆ. ಮಲದ ಮಾದರಿಯಲ್ಲಿ ಅದ್ದಿ 15ರಿಂದ 20 ನಿಮಿಷ ಬಿಟ್ಟರೆ ಗೆರೆ ಬರುತ್ತದೆ. ಕಾಲರಾ ತರುವ ವಿಬ್ರಿಯೋ ಕಾಲರೇ ಬ್ಯಾಕ್ಟೀರಿಯಾದಲ್ಲಿ 200ಕ್ಕೂ ಹೆಚ್ಚು ಗುಂಪುಗಳಿವೆ. ಊರಿಗೆ ಊರೇ ಮಲಗುವಂತೆ ಮಾಡಿರುವುದು ಎರಡು ಗುಂಪು ಮಾತ್ರ, ಓ1 ಮತ್ತು ಓ139. ಕಿಟ್ ಹುಡುಕುವುದು ಇವುಗಳ ಹೊರಕವಚದ ಗುರುತನ್ನು. ಹೆಚ್ಚು ಬಳಕೆಯಲ್ಲಿರುವ ಕ್ರಿಸ್ಟಲ್ ವಿಸಿ ಕಿಟ್ ಭಾರತದಲ್ಲೇ ತಯಾರಾಗುತ್ತದೆ. ಬಾಂಗ್ಲಾದೇಶದ ಕಾಲ್‌ಕಿಟ್ ಕೂಡ ಇದೇ ಬಗೆಯದು.

ಇದರ ದೊಡ್ಡ ಬಲ ವೇಗ. ಕರೆಂಟ್ ಬೇಡ, ಫ್ರಿಜ್ ಬೇಡ, ಮೈಕ್ರೋಬಯಾಲಜಿ ಓದಿದವರೇ ಬೇಕೆಂದಿಲ್ಲ. ಅರ್ಧ ದಿನದ ತರಬೇತಿ ಸಾಕು. ಪಿಸಿಆರ್‌ಗೆ ಹೋಲಿಸಿದರೆ ತೀರಾ ಅಗ್ಗ. ನಿಜವಾದ ಕಾಲರಾ ರೋಗಿಯನ್ನು ಬಿಟ್ಟುಬಿಡುವುದು ಕಡಿಮೆ. ತೊಂದರೆ ಇರುವುದು ಇನ್ನೊಂದು ಕಡೆ. ಕಾಲರಾ ಇಲ್ಲದವರಲ್ಲೂ ಕೆಲವೊಮ್ಮೆ ಗೆರೆ ಬರುತ್ತದೆ.

ಇದನ್ನು ಸ್ವಲ್ಪ ಲೆಕ್ಕ ಹಾಕಿ ನೋಡೋಣ, ಯಾಕೆಂದರೆ ಕಿಟ್ ಬಗ್ಗೆ ಆಗುವ ಗೊಂದಲವೆಲ್ಲ ಇಲ್ಲೇ ಹುಟ್ಟುವುದು. ಕಿಟ್ ನಿಜವಾದ 10 ರೋಗಿಗಳಲ್ಲಿ 9 ಜನರನ್ನು ಹಿಡಿಯುತ್ತದೆ, ರೋಗವಿಲ್ಲದ 10 ಜನರಲ್ಲಿ 2 ಜನರಿಗೆ ಸುಳ್ಳು ಗೆರೆ ತೋರಿಸುತ್ತದೆ ಎಂದಿಟ್ಟುಕೊಳ್ಳಿ. ಭೇದಿಯೆಂದು ಬಂದ 100 ಜನರಲ್ಲಿ 50 ಜನರಿಗೆ ಕಾಲರಾ ಇದ್ದರೆ 45 ನಿಜ ಗೆರೆ, 10 ಸುಳ್ಳು ಗೆರೆ ಬರುತ್ತವೆ. ಪರವಾಗಿಲ್ಲ, ಅಲ್ವಾ? ಈಗ ಅದೇ 100 ಜನರಲ್ಲಿ ಬರೀ 5 ಜನರಿಗೆ ಕಾಲರಾ ಇದೆ ಎನ್ನಿ. ನಿಜ ಗೆರೆ ನಾಲ್ಕೋ ಐದೋ, ಸುಳ್ಳು ಗೆರೆ 19. ಕಿಟ್ ಅದೇ, ಬಳಸುವ ಕೈ ಅದೇ. ಬದಲಾಗಿದ್ದು ಊರಿನಲ್ಲಿ ಎಷ್ಟು ಕಾಲರಾ ಇದೆ ಎಂಬುದು ಮಾತ್ರ. ಅದಕ್ಕೇ ಒಬ್ಬ ರೋಗಿಯ ಒಂದು ಗೆರೆ ನೋಡಿ "ಊರಿಗೆ ಕಾಲರಾ ಬಂತು" ಎಂದು ಘೋಷಿಸುವುದು ತಪ್ಪು. ಬೇಸಿಗೆಯಲ್ಲಿ ಸಾಮಾನ್ಯ ಭೇದಿ ಇದ್ದೇ ಇರುವ ಕಡೆ ಇದು ಇನ್ನೂ ಅಪಾಯಕಾರಿ.

ಕಾಲರಾ ನಿಯಂತ್ರಣದ ಜಾಗತಿಕ ಕಾರ್ಯಪಡೆ ಇದಕ್ಕೊಂದು ಒಳ್ಳೆಯ ದಾರಿ ಹಾಕಿಕೊಟ್ಟಿದೆ. ಕಾಲರಾ ಇಲ್ಲದ ಸಮಯದಲ್ಲಿ ಎಲ್ಲ ಭೇದಿ ರೋಗಿಗಳಿಗೂ ಕಿಟ್ ಹಾಕಬೇಕಿಲ್ಲ. 2 ವರ್ಷ ಮೇಲ್ಪಟ್ಟವರಲ್ಲಿ ನೀರಿನಂಥ ಭೇದಿಯಾಗಿ ತೀವ್ರ ನಿರ್ಜಲೀಕರಣ ಆದವರನ್ನು ಶಂಕಿತರೆಂದು ಹಿಡಿದು, ಅವರೆಲ್ಲರಿಗೂ ಕಿಟ್ ಹಾಕಿ. ಕಾಲರಾ ಖಚಿತವಾದ ಮೇಲೆ ಎಲ್ಲರಿಗೂ ಹಾಕುತ್ತಾ ಕಿಟ್ ಮುಗಿಸಬೇಡಿ. ಪ್ರತಿ ಆಸ್ಪತ್ರೆಯಲ್ಲಿ ದಿನಕ್ಕೆ ಮೊದಲು ಬಂದ 3 ಶಂಕಿತರಿಗೆ ಸಾಕು. ಗೆರೆ ಬಂದ ಮಾದರಿಗಳಲ್ಲಿ ವಾರಕ್ಕೆ 3 ಮಾದರಿಯನ್ನು ಕಲ್ಚರ್ ಅಥವಾ ಪಿಸಿಆರ್‌ಗೆ ಕಳಿಸಿ. ನನ್ನ ದೃಷ್ಟಿಯಲ್ಲಿ ಇಡೀ ಮಾರ್ಗಸೂಚಿಯಲ್ಲಿ ಅತಿ ಉಪಯೋಗದ ಮಾತು ಇದೇ. ಯಾರಿಗೆ ಹಾಕಬೇಕು ಎಂಬ ಗೊಂದಲ ಹೋಗುತ್ತದೆ. ದಿನಾ ಒಂದೇ ಅಳತೆಯಲ್ಲಿ ಪರೀಕ್ಷೆ ಆಗುವುದರಿಂದ ಈ ವಾರಕ್ಕೂ ಹಿಂದಿನ ವಾರಕ್ಕೂ ನಿಜವಾದ ಹೋಲಿಕೆ ಸಿಗುತ್ತದೆ.

ಕಿಟ್ ಬಳಸುವವರು ನೆನಪಿಡಬೇಕಾದ ಇನ್ನೆರಡು ವಿಷಯಗಳಿವೆ. ಓ139 ಗೆರೆ ಮಾತ್ರ ಬಂದರೆ ಸುಮ್ನೆ ನಂಬಬೇಡಿ. ಆ ಗುಂಪು 1992ರಲ್ಲಿ ಮದ್ರಾಸಿನಲ್ಲಿ ಕಾಣಿಸಿಕೊಂಡು ಬಂಗಾಳದ ಕಡೆ ದೊಡ್ಡದಾಗಿ ಹರಡಿತ್ತು, ನಿಜ. ಈಗ ಅದರಿಂದ ರೋಗ ಹರಡುವುದು ತೀರಾ ಅಪರೂಪ. ಹಾಗಾಗಿ ಆ ಗೆರೆ ಬಂದರೆ ಕಲ್ಚರ್ ಮಾಡಿಸಿಯೇ ಮಾತಾಡಬೇಕು. ಇನ್ನೊಂದು, ರೋಗಿ ಬರುವ ಮೊದಲೇ ಮೆಡಿಕಲ್ ಶಾಪಿನಿಂದ ಆ್ಯಂಟಿಬಯೋಟಿಕ್ ನುಂಗಿದ್ದರೆ ಗೆರೆ ಬಾರದೇ ಹೋಗಬಹುದು. ಕಾಲರಾ ಬ್ಯಾಕ್ಟೀರಿಯಾವನ್ನು ಕೊಲ್ಲುವ ಫೇಜ್ ಎಂಬ ವೈರಸ್‌ಗಳು ಮಲದಲ್ಲಿದ್ದರೂ ಹಾಗೇ ಆಗುತ್ತದೆ ಎಂದು ಬಾಂಗ್ಲಾದೇಶದ ಅಧ್ಯಯನಗಳು ತೋರಿಸಿವೆ. ನಮ್ಮಲ್ಲಿ ಚೀಟಿ ಇಲ್ಲದೆ ಮಾತ್ರೆ ನುಂಗುವವರು ಎಷ್ಟು ಎಂದು ಎಲ್ಲರಿಗೂ ಗೊತ್ತು. ಗೆರೆ ಇಲ್ಲ ಎಂದ ಮಾತ್ರಕ್ಕೆ ನಿರಾಳವಾಗುವ ಹಾಗಿಲ್ಲ.

ಒಂದು ಮಧ್ಯದ ದಾರಿಯೂ ಇದೆ. ಮಾದರಿಯನ್ನು ಮೊದಲು ಕಾಲರಾ ಬ್ಯಾಕ್ಟೀರಿಯಾ ಚೆನ್ನಾಗಿ ಬೆಳೆಯುವ ಕ್ಷಾರೀಯ ಪೆಪ್ಟೋನ್ ನೀರು ಎಂಬ ದ್ರವದಲ್ಲಿ ನಾಲ್ಕಾರು ಗಂಟೆ ಇಟ್ಟು, ಬ್ಯಾಕ್ಟೀರಿಯಾ ಬೆಳೆದ ಮೇಲೆ ಪಟ್ಟಿ ಅದ್ದುವುದು. ಸುಳ್ಳು ಗೆರೆ ಎದ್ದು ಕಾಣುವಷ್ಟು ಕಡಿಮೆಯಾಗುತ್ತದೆ. ಕಲ್ಚರ್ ಸೌಲಭ್ಯವಿಲ್ಲದ ತಾಲ್ಲೂಕು ಆಸ್ಪತ್ರೆಗೆ ಇದು ಚೆನ್ನಾಗಿ ಹೊಂದುತ್ತದೆ. ಇದಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ.

2024ರ ಏಪ್ರಿಲ್‌ನಲ್ಲಿ ಜಾಗತಿಕ ಲಸಿಕೆ ಒಕ್ಕೂಟ ಗಾವಿ, ಯುನಿಸೆಫ್ ಮತ್ತು ವಿಶ್ವ ಆರೋಗ್ಯ ಸಂಸ್ಥೆ ಸೇರಿ 14 ದೇಶಗಳಿಗೆ 12 ಲಕ್ಷಕ್ಕೂ ಹೆಚ್ಚು ಕಿಟ್ ಕಳಿಸುವ ಕೆಲಸ ಶುರುಮಾಡಿದವು. ಮೊದಲ ಸರಕು ಹೋಗಿದ್ದು ಮಲಾವಿಗೆ. ಅದಕ್ಕೆ ಕಾರಣವಿದೆ. 2022ರ ಮಾರ್ಚ್‌ನಲ್ಲಿ ಶುರುವಾದ ಕಾಲರಾ ಆ ಪುಟ್ಟ ದೇಶದಲ್ಲಿ ಒಂದು ವರ್ಷ ದಾಟಿಯೂ ನಿಲ್ಲದೆ 1,700ಕ್ಕೂ ಹೆಚ್ಚು ಜನರನ್ನು ಕೊಂದಿತ್ತು. ಮೊದಲ ವಾರಗಳಲ್ಲೇ ಎಲ್ಲೆಲ್ಲಿ ಹರಡಿದೆ ಎಂದು ಗೊತ್ತಾಗುವುದಕ್ಕೂ ಗೊತ್ತಾಗದಿರುವುದಕ್ಕೂ ಇರುವ ವ್ಯತ್ಯಾಸವನ್ನು ಜೀವಗಳಲ್ಲೇ ಅಳೆಯಬೇಕು.

ಕಲ್ಚರ್: ನಿಧಾನ, ಆದರೆ ಬಿಡಲಾಗದ್ದು

ಕಿಟ್ ಬಂದ ಮೇಲೆ ಕಲ್ಚರ್ ಯಾಕೆ ಎಂದು ಕೇಳುವವರಿದ್ದಾರೆ. ಆ ವಾದ ನನಗೆ ಒಪ್ಪಿಗೆಯಿಲ್ಲ. ಯಾವ ಔಷಧಿಗೆ ಬ್ಯಾಕ್ಟೀರಿಯಾ ಬಗ್ಗುತ್ತದೆ ಎಂದು ನೇರವಾಗಿ ತೋರಿಸುವುದು ಕಲ್ಚರ್ ಮಾತ್ರ. ಕಿಟ್‌ಗೆ ಅದು ಗೊತ್ತೇ ಆಗುವುದಿಲ್ಲ. ಯೆಮನ್‌ನಲ್ಲಿ ಇದರ ಬೆಲೆ ಕಂಡಿತು. ಅಲ್ಲಿ 2017ರ ಕೊನೆಗೆ ಶಂಕಿತ ಪ್ರಕರಣಗಳೇ 10 ಲಕ್ಷ ದಾಟಿದ್ದವು. ಗರ್ಭಿಣಿಯರಿಗೆ, ಮಕ್ಕಳಿಗೆ ಎರಿಥ್ರೋಮೈಸಿನ್, ಅಜಿಥ್ರೋಮೈಸಿನ್ ಗುಂಪಿನ ಔಷಧಿ ಕೊಡುತ್ತಿದ್ದರು. ಮುಂದಿನ ಒಂದೆರಡು ವರ್ಷದಲ್ಲಿ ಆ ಗುಂಪಿಗೇ ಬಗ್ಗದ ತಳಿ ಅಲ್ಲಿ ಹರಡಿಕೊಂಡಿತು. ಯಾರೋ ಒಬ್ಬರು ಲ್ಯಾಬಿನಲ್ಲಿ ಪ್ಲೇಟ್ ಹಾಕಿ ನೋಡುತ್ತಲೇ ಇರದಿದ್ದರೆ ಇಂಥ ಬದಲಾವಣೆ ತಿಳಿಯುವುದೇ ಇಲ್ಲ.

ವಿಧಾನ ಹಳೆಯದು, ಗಟ್ಟಿಯಾದದ್ದು. ಮಾದರಿಯನ್ನು ಕ್ಷಾರೀಯ ಪೆಪ್ಟೋನ್ ನೀರಿನಲ್ಲಿ ಆರೆಂಟು ಗಂಟೆ ಬೆಳೆಸಿ, ಟಿಸಿಬಿಎಸ್ ಎಂಬ ಹಸಿರು ಬಣ್ಣದ ಅಗರ್ ಪ್ಲೇಟಿಗೆ ಹಾಕುತ್ತಾರೆ. ಮರುದಿನ ಹಳದಿ ಬಣ್ಣದ ಕಾಲೊನಿಗಳು ಏಳುತ್ತವೆ. ಆಮೇಲೆ ಆಕ್ಸಿಡೇಸ್ ಪರೀಕ್ಷೆ, ಓ1 ಗುಂಪನ್ನು ಗುರುತಿಸುವ ಸೀರಮ್ ಹಾಕಿ ಗಂಟು ಕಟ್ಟುತ್ತದೆಯೇ ಎಂದು ನೋಡುವುದು, ಒಗಾವಾ ತಳಿಯೋ ಇನಾಬಾ ತಳಿಯೋ ಎಂದು ಬೇರೆ ಮಾಡುವುದು. ಎಲ್ಲ ಸೇರಿ ಎರಡು ಮೂರು ದಿನ. ಜಿಲ್ಲಾ ಮಟ್ಟದ ಸಾರ್ವಜನಿಕ ಆರೋಗ್ಯ ಪ್ರಯೋಗಾಲಯ ಅಥವಾ ವೈದ್ಯಕೀಯ ಕಾಲೇಜಿನ ಮೈಕ್ರೋಬಯಾಲಜಿ ವಿಭಾಗ ಇದನ್ನು ಮಾಡಬಲ್ಲದು.

ಕಲ್ಚರ್ ಸೋಲುವುದು ಹೆಚ್ಚಾಗಿ ಲ್ಯಾಬಿನಲ್ಲಲ್ಲ, ದಾರಿಯಲ್ಲಿ. ಮಾದರಿ ಒಣಗಿದರೆ ಬ್ಯಾಕ್ಟೀರಿಯಾ ಸಾಯುತ್ತದೆ. ಒಳ್ಳೆಯದಾಗಲಿ ಎಂದು ಐಸ್ ಮೇಲೆ ಇಟ್ಟು ಕಳಿಸುವವರೂ ಇದ್ದಾರೆ. ಈ ಬ್ಯಾಕ್ಟೀರಿಯಾಕ್ಕೆ ಚಳಿ ಆಗಿಬರುವುದಿಲ್ಲ. ಸ್ವಾಬನ್ನು, ದಾರಿಯಲ್ಲಿ ಬ್ಯಾಕ್ಟೀರಿಯಾ ಸಾಯದಂತೆ ಕಾಯುವ ಕ್ಯಾರಿ ಬ್ಲೇರ್ ಎಂಬ ಮಾಧ್ಯಮಕ್ಕೆ ಇಳಿಸಿ, ಮುಚ್ಚಳ ಬಿಗಿ ಮಾಡಿ, ಸಾಮಾನ್ಯ ಉಷ್ಣಾಂಶದಲ್ಲೇ ಕಳಿಸಬೇಕು. ಮೊದಲ ಆ್ಯಂಟಿಬಯೋಟಿಕ್ ಡೋಸ್‌ಗೆ ಮುಂಚೆಯೇ ಮಾದರಿ ತೆಗೆಯಬೇಕು. ಟ್ಯೂಬಿನ ಮೇಲೆ ಹೆಸರು, ಊರು, ತಾರೀಕು, ಔಷಧಿ ತೆಗೆದುಕೊಂಡಿದ್ದಾರೆಯೇ ಎಂಬುದನ್ನು ಬರೆಯಬೇಕು. ಕ್ಯಾರಿ ಬ್ಲೇರ್ ಟ್ಯೂಬ್‌ಗಳನ್ನು ಮಳೆಗಾಲಕ್ಕೆ ಮೊದಲೇ ಪ್ರತಿ ಪಿಎಚ್‌ಸಿಯಲ್ಲೂ ಇಟ್ಟುಕೊಳ್ಳುವುದು ಯಾವ ಹೊಸ ಯಂತ್ರಕ್ಕಿಂತಲೂ ಹೆಚ್ಚು ಲಾಭದ ಖರ್ಚು.

ಸೂಕ್ಷ್ಮದರ್ಶಕದ ಹಳೇ ಪರೀಕ್ಷೆಯನ್ನೂ ಮರೆಯಬಾರದು. ಹಸಿ ಮಾದರಿಯ ಹನಿಯಲ್ಲಿ ಬಾಣದಂತೆ ಓಡುವ ಬ್ಯಾಕ್ಟೀರಿಯಾಗಳು ಓ1 ಸೀರಮ್ ಹಾಕಿದ ತಕ್ಷಣ ನಿಂತರೆ ಕಾಲರಾದ ಬಲವಾದ ಸುಳಿವು. ಅನುಭವದ ಕಣ್ಣು ಬೇಕು, ಅದಿದ್ದರೂ ಹಲವು ರೋಗಿಗಳು ತಪ್ಪಿಹೋಗುತ್ತಾರೆ. ಕಿಟ್ ಸಿಗುವ ಕಡೆ ಇದನ್ನು ನೆಚ್ಚಿಕೊಳ್ಳಬೇಕಿಲ್ಲ.

ಪಿಸಿಆರ್ ಮತ್ತು ಜೀನೋಮ್

ಪಿಸಿಆರ್ ಬ್ಯಾಕ್ಟೀರಿಯಾ ಸತ್ತಿದ್ದರೂ ಅದರ ಡಿಎನ್‌ಎ ಹಿಡಿಯುತ್ತದೆ. ಮಾತ್ರೆ ನುಂಗಿ ಬಂದ ರೋಗಿಗಳಲ್ಲಿ ಇದು ಕಲ್ಚರ್‌ಗಿಂತ ಮೇಲು. ಕಾಲರಾ ವಿಷವನ್ನು ತಯಾರಿಸುವ ಜೀನ್ ಇದೆಯೇ ಎಂದೂ ಹೇಳುತ್ತದೆ. ಆ ವಿಷವನ್ನು 1959ರಲ್ಲಿ ಕಲ್ಕತ್ತಾದ ಶಂಭುನಾಥ್ ಡೇ ಮೊಲದ ಕರುಳಿನಲ್ಲಿ ತೋರಿಸಿಕೊಟ್ಟರು. ಅದೇ ವಿಷದ ಜೀನ್ ಇವತ್ತು ರೋಗ ತರುವ ತಳಿಯನ್ನೂ ನಿರುಪದ್ರವಿ ತಳಿಯನ್ನೂ ಬೇರೆ ಮಾಡುವ ಗುರುತಾಗಿದೆ. ಕೋವಿಡ್ ನಂತರ ನಮ್ಮ ಜಿಲ್ಲೆಗಳಲ್ಲಿ ಪಿಸಿಆರ್ ಯಂತ್ರಗಳಿವೆ, ನಡೆಸುವ ಕೈಗಳೂ ಇವೆ. ಬೇಕಿರುವುದು ಕಾಲರಾದ ಡಿಎನ್‌ಎಯನ್ನೇ ಹುಡುಕಿಕೊಡುವ ಪ್ರೈಮರ್ ಮತ್ತು ಮಲದಿಂದ ಡಿಎನ್‌ಎ ತೆಗೆಯುವ ತರಬೇತಿ. ದೂರದ ಊರಿನಿಂದಾದರೆ ಮಾದರಿಯ ಹನಿಯನ್ನು ಫಿಲ್ಟರ್ ಕಾಗದದ ಮೇಲೆ ಒಣಗಿಸಿ ಕಳಿಸಿದರೂ ಪಿಸಿಆರ್‌ಗೆ ಸಾಕು. ಹಾಗೆ ಒಣಗಿಸಿದ್ದು ಕಲ್ಚರ್‌ಗೆ ಬಾರದು ಎಂಬುದು ನೆನಪಿರಲಿ.

ಜೀನೋಮ್ ಓದುವುದು ಬೇರೆಯೇ ಪ್ರಶ್ನೆಗೆ ಉತ್ತರ ಕೊಡುತ್ತದೆ. ಈ ತಳಿ ಎಲ್ಲಿಂದ ಬಂತು? 2010ರ ಅಕ್ಟೋಬರ್‌ನಲ್ಲಿ ಹೈಟಿಯಲ್ಲಿ ಕಾಲರಾ ಎದ್ದಾಗ ಅದು ಸಮುದ್ರದಿಂದ ಬಂತು, ಭೂಕಂಪದಿಂದ ಬಂತು ಎಂಬ ಮಾತುಗಳಿದ್ದವು. ಆರ್ಟಿಬೊನೈಟ್ ನದಿಯ ಉಪನದಿಯ ದಂಡೆಯಲ್ಲಿದ್ದ ವಿಶ್ವಸಂಸ್ಥೆಯ ಶಾಂತಿಪಾಲಕರ ಶಿಬಿರದ ಮೇಲೆ ಸ್ಥಳೀಯರಿಗೆ ಅನುಮಾನವಿತ್ತು. ಫ್ರಾನ್ಸಿನ ವೈದ್ಯ ರೆನೋ ಪಿಯಾರು ಕ್ಷೇತ್ರದಲ್ಲಿ ಓಡಾಡಿ ರೋಗದ ಜಾಡು ಅಲ್ಲಿಗೇ ಹೋಗುತ್ತದೆ ಎಂದು ತೋರಿಸಿದರು. 2011ರಲ್ಲಿ ಜೀನೋಮ್ ಹೋಲಿಕೆ ಮಾಡಿದಾಗ ಹೈಟಿಯ ತಳಿಯೂ ನೇಪಾಳದ ತಳಿಯೂ ಹೆಚ್ಚುಕಡಿಮೆ ಒಂದೇ ಎಂದು ಕಂಡಿತು. ಆ ಶಿಬಿರದಲ್ಲಿದ್ದದ್ದು ನೇಪಾಳದ ತುಕಡಿ. ಸುಮಾರು 8 ಲಕ್ಷ ಜನರಿಗೆ ರೋಗ ತಗುಲಿ 10 ಸಾವಿರದಷ್ಟು ಜನ ಸತ್ತ ಮೇಲೆ, 2016ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಆಗಿನ ಪ್ರಧಾನ ಕಾರ್ಯದರ್ಶಿ ಬಾನ್ ಕಿ ಮೂನ್ ಹೈಟಿಯ ಜನರ ಕ್ಷಮೆ ಕೇಳಿದರು. ಆ ಕ್ಷಮೆಯ ಹಿಂದೆ ಜೀನೋಮ್ ಕೊಟ್ಟ ಪುರಾವೆಯ ತೂಕವಿತ್ತು.

ಆದರೆ ಗಮನಿಸಿ, ಜೀನೋಮ್ ಬರುವ ಎಷ್ಟೋ ಮೊದಲೇ ನದಿ ದಂಡೆಯ ಜನರಿಗೂ, ಊರೂರು ಸುತ್ತಿದ ಆ ವೈದ್ಯರಿಗೂ ದಿಕ್ಕು ಗೊತ್ತಾಗಿತ್ತು. ರೋಗ ಹರಡುತ್ತಿರುವ ವಾರಗಳಲ್ಲಿ ಜೀನೋಮ್ ಜೀವ ಉಳಿಸುವ ಸಾಧನವಲ್ಲ. ನ್ಯಾಯ ಕೇಳಲು, ಮುಂದಿನ ತಡೆಗೆ, ಔಷಧಿಗೆ ಬಗ್ಗದ ಜೀನ್‌ಗಳ ಪಯಣ ತಿಳಿಯಲು ಅದು ಬೇಕು. ಜಿಲ್ಲೆಯ ಬಜೆಟ್‌ನಲ್ಲಿ ಇದಕ್ಕೆ ಹಣ ಇಡುವ ಮೊದಲು ಕಲ್ಚರ್ ಸರಿಯಾಗಿ ನಡೆಯುತ್ತಿದೆಯೇ ನೋಡಿ. ಇವತ್ತಿಗೂ ಹೆಚ್ಚಿನ ಜೀನೋಮ್ ಕೆಲಸ ನಿಂತಿರುವುದು ಬೆಳೆಸಿದ ಕಾಲೊನಿಯ ಮೇಲೆಯೇ.

ನೀರಿನ ಪರೀಕ್ಷೆ: ಕಾಲರಾ ಹುಡುಕಬೇಕೇ, ಕ್ಲೋರಿನ್ ಹುಡುಕಬೇಕೇ?

ಕಾಲರಾ ಸುದ್ದಿ ಬಂದ ಕೂಡಲೇ ನೀರಿನ ಸ್ಯಾಂಪಲ್ ಲ್ಯಾಬಿಗೆ ಹೋಗುತ್ತದೆ, ವರದಿಗಾಗಿ ಎಲ್ಲರೂ ಕಾಯುತ್ತಾರೆ. ವರದಿ ಬರುವ ಹೊತ್ತಿಗೆ ಕೆಟ್ಟ ನೀರು ಪೈಪಿನಲ್ಲಿ ಹರಿದುಹೋಗಿರುತ್ತದೆ. ವರದಿಯಲ್ಲಿ ವಿಬ್ರಿಯೋ ಇದೆ ಎಂದು ಬಂದರೂ ಅದು ರೋಗ ತರುವ ತಳಿಯೇ ಆಗಬೇಕೆಂದಿಲ್ಲ. ಕೆರೆ, ನದಿ, ಹಿನ್ನೀರುಗಳಲ್ಲಿ ವಿಷದ ಜೀನ್ ಇಲ್ಲದ ತಳಿಗಳು ಸಹಜವಾಗಿಯೇ ಬದುಕುತ್ತವೆ.

ಪಂಚಾಯಿತಿಗೆ ನನ್ನ ಸಲಹೆ ನೇರವಾಗಿದೆ. ಮೊದಲು ಕ್ಲೋರಿನ್ ಅಳೆಯಿರಿ. ಕ್ಲೋರೋಸ್ಕೋಪ್ ಕೈಯಲ್ಲಿದ್ದರೆ ನೀರುಗಂಟಿಯೇ ಎರಡು ನಿಮಿಷದಲ್ಲಿ ನೋಡಬಹುದು. ಸಾಮಾನ್ಯ ದಿನಗಳಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಉಳಿಕೆ ಕ್ಲೋರಿನ್ ಸಾಕು. ಕಾಲರಾ ಇದ್ದಾಗ ಕೊಳಾಯಿಯಲ್ಲಿ 0.5, ಬೀದಿ ನಲ್ಲಿಯಲ್ಲಿ 1, ಟ್ಯಾಂಕರ್ ತುಂಬುವ ಕಡೆ 2 ಮಿಲಿಗ್ರಾಂ ಇರಬೇಕು. ಓವರ್‌ಹೆಡ್ ಟ್ಯಾಂಕಿನ ಹತ್ತಿರ ಅಳೆದು ಬಂದರೆ ಪ್ರಯೋಜನವಿಲ್ಲ. ಲೈನಿನ ಕಟ್ಟಕಡೆಯ ಮನೆಯಲ್ಲಿ ಅಳೆಯಬೇಕು. ಒಂದು ಮನೆಯವರೆಗೆ ಕ್ಲೋರಿನ್ ಇದ್ದು ಅದರಾಚೆ ಇದ್ದಕ್ಕಿದ್ದಂತೆ ಸೊನ್ನೆಯಾದರೆ ಅಲ್ಲೇ ಪೈಪ್ ಒಡೆದು ಚರಂಡಿ ನೀರು ಸೇರುತ್ತಿರಬಹುದು. ಜಲಜೀವನ್ ಮಿಷನ್‌ನಲ್ಲಿ ಪ್ರತಿ ಹಳ್ಳಿಯ ಐವರು ಮಹಿಳೆಯರಿಗೆ ಕಿಟ್ ಕೊಟ್ಟು ನೀರು ಪರೀಕ್ಷೆ ಕಲಿಸುವ ವ್ಯವಸ್ಥೆ ಇದೆ. ಆ ಮಹಿಳೆಯರು ಯಾರೆಂದು ನಿಮ್ಮ ಪಂಚಾಯಿತಿಗೆ ಗೊತ್ತಿರಲಿ. ನೀರಿಗೆ ಮಲ ಸೇರಿದೆಯೇ ಎಂದು ನೋಡಲು, ಸೇರಿದ್ದರೆ ಕಪ್ಪಾಗುವ ಎಚ್‌ಟುಎಸ್ ಬಾಟಲಿ ಇದೆ, ಆದರೆ ಅದಕ್ಕೆ ಒಂದೆರಡು ದಿನ ಬೇಕು.

ನಗರಗಳಲ್ಲಿ ಚರಂಡಿ ನೀರಿನ ಪರೀಕ್ಷೆ ಒಂದು ಆಯ್ಕೆ. ಗಾಜ್ ಬಟ್ಟೆಯ ಉಂಡೆಯನ್ನು ದಾರದಲ್ಲಿ ಕಟ್ಟಿ ಚರಂಡಿಯಲ್ಲಿ ಒಂದೆರಡು ದಿನ ಇಳಿಬಿಟ್ಟು ಆಮೇಲೆ ಕಲ್ಚರ್ ಅಥವಾ ಪಿಸಿಆರ್ ಮಾಡುವ ಮೂರ್ ಸ್ವಾಬ್ ವಿಧಾನ 1940ರ ದಶಕದ್ದು, ಅಗ್ಗದ್ದು. ಕಾಲರಾ ಸೋಂಕು ತಗುಲಿದ ಹೆಚ್ಚಿನವರಿಗೆ ರೋಗಲಕ್ಷಣವೇ ಇರುವುದಿಲ್ಲ, ಆದರೂ ಮಲದಲ್ಲಿ ಬ್ಯಾಕ್ಟೀರಿಯಾ ಹೋಗುತ್ತಿರುತ್ತದೆ. ಅವರು ಆಸ್ಪತ್ರೆಯ ಲೆಕ್ಕಕ್ಕೆ ಬರುವುದಿಲ್ಲ, ಚರಂಡಿಯ ಲೆಕ್ಕಕ್ಕೆ ಬರುತ್ತಾರೆ. ಒಳಚರಂಡಿ ಇರುವ ಊರಿಗೆ ಇದು ಸರಿ. ಇಲ್ಲದ ಹಳ್ಳಿಗೆ ಇದರಿಂದ ಹೆಚ್ಚೇನೂ ಸಿಗದು.

ಕಣ್ಗಾವಲು: ವರದಿ, ವದಂತಿ, ನಕ್ಷೆ, ಉಪಗ್ರಹ

ನಮ್ಮ ದೇಶದಲ್ಲಿ ಸಮಗ್ರ ರೋಗ ಸರ್ವೇಕ್ಷಣಾ ಕಾರ್ಯಕ್ರಮ 2004ರಲ್ಲಿ ಶುರುವಾಯಿತು. ಉಪಕೇಂದ್ರದಿಂದ ಎಸ್ ನಮೂನೆ, ವೈದ್ಯರಿಂದ ಪಿ ನಮೂನೆ, ಲ್ಯಾಬಿನಿಂದ ಎಲ್ ನಮೂನೆ, ವಾರಕ್ಕೊಮ್ಮೆ. ಈಗ ಅದು ಐಎಚ್‌ಐಪಿ ಎಂಬ ಆನ್‌ಲೈನ್ ವೇದಿಕೆಗೆ ಬಂದಿದೆ. 2018ರಲ್ಲಿ ಪ್ರಯೋಗವಾಗಿ ಶುರುವಾದ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು, 2021ರಲ್ಲಿ ದೇಶಕ್ಕೆಲ್ಲ ಬಂತು. ವಾರದ ಬದಲು ದಿನದಿನದ ಮಾಹಿತಿ, ನಕ್ಷೆಯ ಮೇಲೆ ಊರಿನ ಗುರುತು ಸಿಗುತ್ತದೆ. ಕಾಲರಾಕ್ಕೆ ಇದು ದೊಡ್ಡ ಲಾಭ, ಯಾಕೆಂದರೆ ಸೋಂಕು ತಗುಲಿ ಕೆಲವೇ ಗಂಟೆಯಿಂದ ಐದು ದಿನದೊಳಗೆ ರೋಗ ಕಾಣಿಸುತ್ತದೆ. ವಾರದ ವರದಿ ಬರುವಷ್ಟರಲ್ಲಿ ಎರಡನೇ ಸುತ್ತಿನ ರೋಗಿಗಳು ಬಂದಿರುತ್ತಾರೆ.

ಇದರ ಕೊರತೆಯೂ ಎಲ್ಲರಿಗೂ ಗೊತ್ತಿರುವುದೇ. ಭೇದಿ ಶುರುವಾದಾಗ ಬಹಳ ಜನ ಹೋಗುವುದು ಖಾಸಗಿ ಕ್ಲಿನಿಕ್‌ಗೆ ಇಲ್ಲವೇ ಮೆಡಿಕಲ್ ಶಾಪಿಗೆ. ಅಲ್ಲಿಂದ ವರದಿ ಬರುವುದು ಕಡಿಮೆ. ಈ ತೂತನ್ನು ಮುಚ್ಚುವುದು ಘಟನೆ ಆಧಾರಿತ ಕಣ್ಗಾವಲು. ಅಂದರೆ ಆಶಾ ಕಾರ್ಯಕರ್ತೆಯ ಫೋನ್, ಶಾಲೆಯ ಮೇಷ್ಟ್ರ ಮಾತು, ಸ್ಥಳೀಯ ಪತ್ರಿಕೆಯ ಮೂಲೆಯ ಸುದ್ದಿ, ಊರಿನ ವಾಟ್ಸಾಪ್ ಗುಂಪು. ಕೇಂದ್ರ ಸರ್ವೇಕ್ಷಣಾ ಘಟಕದಲ್ಲಿ ಮಾಧ್ಯಮ ಸುದ್ದಿಗಳನ್ನು ಹುಡುಕಿ ತಾಳೆ ನೋಡುವ ವಿಭಾಗ 2008ರಿಂದಲೇ ಇದೆ. ಹೈಟಿಯ ಮೊದಲ ತಿಂಗಳುಗಳಲ್ಲಿ ಟ್ವಿಟರ್ ಮತ್ತು ಸುದ್ದಿಗಳ ಏರಿಳಿತವು ಸರ್ಕಾರಿ ಲೆಕ್ಕದ ಏರಿಳಿತಕ್ಕೆ ಹೊಂದುತ್ತಿತ್ತು, ಎರಡು ವಾರ ಮೊದಲೇ ಸಿಗುವಂತಿತ್ತು ಎಂದು ಸಂಶೋಧಕರು ಆಮೇಲೆ ತೋರಿಸಿದರು. ಸುಳ್ಳು ಎಚ್ಚರಿಕೆಗಳು ಬರುತ್ತವೆ, ಹೌದು. ಆದರೆ ಒಂದು ಸುಳ್ಳು ಕರೆಗೆ ಜೀಪ್ ಕಳಿಸಿದ ಖರ್ಚು, ಒಂದು ನಿಜ ಕರೆ ತಪ್ಪಿದರೆ ಆಗುವ ನಷ್ಟದ ಮುಂದೆ ಏನೂ ಅಲ್ಲ. ಕರೆ ಮಾಡಿದವರಿಗೆ "ಸುಮ್ನೆ ಗಾಬರಿ ಹುಟ್ಟಿಸಬೇಡಿ" ಎಂದು ಗದರಿಸುವ ಅಧಿಕಾರಿ ಇದ್ದರೆ ಈ ವ್ಯವಸ್ಥೆ ಅಂದೇ ಸಾಯುತ್ತದೆ.

ನಕ್ಷೆಯ ವಿಷಯಕ್ಕೆ ಬರೋಣ, ಯಾಕೆಂದರೆ ತಂತ್ರಜ್ಞಾನ ಮತ್ತು ಕ್ರಿಯೆ ಅತಿ ಹತ್ತಿರ ಬರುವುದು ಇಲ್ಲಿ. ಚಾಡ್ ದೇಶದ ಎನ್‌ಜಮೆನಾ, ಕಾಂಗೋದ ಕಲೆಮಿ ನಗರಗಳ ರೋಗಿಗಳ ಮನೆಗಳನ್ನು ಗುರುತಿಸಿ ನೋಡಿದಾಗ, ರೋಗಿಯ ಮನೆಯಿಂದ ಹತ್ತಿಪ್ಪತ್ತು ಮೀಟರ್ ಒಳಗಿರುವವರಿಗೆ ಮೊದಲ ಐದು ದಿನಗಳಲ್ಲಿ ಉಳಿದವರಿಗಿಂತ ಹತ್ತಾರು ಪಟ್ಟು ಹೆಚ್ಚು ಅಪಾಯ ಇತ್ತು. ರೋಗಿಯ ಸುತ್ತ ನೂರು ಮೀಟರ್ ಆಸುಪಾಸಿನ ಮನೆಗಳಿಗೆ ಕೂಡಲೇ ಹೋಗಿ ಕ್ಲೋರಿನ್, ಸೋಪು, ಓಆರ್‌ಎಸ್, ಸಾಧ್ಯವಾದರೆ ಲಸಿಕೆ ಕೊಡುವ ವಿಧಾನಕ್ಕೆ ಇದು ಬಲ ಕೊಡುತ್ತದೆ. ಕಿಟ್‌ನ ವೇಗ ಪೂರ್ತಿ ಉಪಯೋಗಕ್ಕೆ ಬರುವುದು ಇಂಥ ತಂಡ ಇದ್ದಾಗ. ಕಾಲು ಗಂಟೆಯಲ್ಲಿ ಗೆರೆ ನೋಡಿ ಐದು ದಿನದ ನಂತರ ಬೀದಿಗೆ ಹೋದರೆ ಕಲ್ಚರ್‌ಗೂ ಕಿಟ್‌ಗೂ ಏನು ವ್ಯತ್ಯಾಸ? ಫೋನಿನ ಜಿಪಿಎಸ್‌ನಲ್ಲಿ ಮನೆ ಗುರುತಿಸಿಕೊಳ್ಳುವುದು ಸಾಕು, ದುಬಾರಿ ಸಾಫ್ಟ್‌ವೇರ್ ಬೇಡ. ರೋಗಿಯ ಮನೆಯ ಗುರುತು ಮಾತ್ರ ಆರೋಗ್ಯ ಸಿಬ್ಬಂದಿಯ ಆಚೆ ಹೋಗಬಾರದು. ವಾಟ್ಸಾಪ್‌ಗೆ ಹೋದರೆ ಮುಂದಿನ ರೋಗಿ ಆಸ್ಪತ್ರೆಗೇ ಬರುವುದಿಲ್ಲ.

ಮೊಬೈಲ್ ಕಂಪನಿಗಳ ದತ್ತಾಂಶ ಇನ್ನೊಂದು ಆಯ್ಕೆ. ಹೈಟಿಯಲ್ಲಿ ಡಿಜಿಸೆಲ್ ಕಂಪನಿಯ ಸಿಮ್‌ಗಳ ಓಡಾಟ ನೋಡಿ, ರೋಗ ಎದ್ದ ಪ್ರದೇಶದಿಂದ ಜನ ಎತ್ತ ಹೋಗುತ್ತಿದ್ದಾರೆ ಎಂದು ಸಂಶೋಧಕರು ಪರಿಹಾರ ಸಂಸ್ಥೆಗಳಿಗೆ ತಿಳಿಸಿದ್ದರು. ದೊಡ್ಡ ವಲಸೆ ಇರುವ ವಿಪತ್ತಿನಲ್ಲಿ ಇದು ಉಪಯುಕ್ತ. ಒಂದು ತಾಲ್ಲೂಕಿನ ಕಾಲರಾಕ್ಕೆ ಬೇಕಿಲ್ಲ. ಖಾಸಗಿತನದ ಪ್ರಶ್ನೆಯೂ ಸಣ್ಣದಲ್ಲ.

ಉಪಗ್ರಹದ ಕಥೆ ಆಸಕ್ತಿಯದು. ಅಮೆರಿಕದ ವಿಜ್ಞಾನಿ ರೀಟಾ ಕೋಲ್ವೆಲ್ ದಶಕಗಳ ಕಾಲ ಬಂಗಾಳ ಕೊಲ್ಲಿಯ ಕಡೆ ಕೆಲಸ ಮಾಡಿ, ಕಾಲರಾ ಬ್ಯಾಕ್ಟೀರಿಯಾ ನೀರಿನ ಸಣ್ಣ ಜೀವಿಗಳಿಗೆ ಅಂಟಿಕೊಂಡು ಬದುಕುತ್ತದೆ, ನೀರಿನ ಉಷ್ಣಾಂಶಕ್ಕೂ ರೋಗಕ್ಕೂ ನಂಟಿದೆ ಎಂದು ತೋರಿಸಿದರು. ಕೋಲ್ವೆಲ್ ಮತ್ತು ಸಂಶೋಧಕ ಅಂತರ್ ಜುತ್ಲಾ ಸೇರಿ ಉಷ್ಣಾಂಶ, ಮಳೆ, ಜನಸಂಖ್ಯೆ, ನೀರಿನ ಸೌಲಭ್ಯ ಇವನ್ನೆಲ್ಲ ಕೂಡಿಸಿ ಮುನ್ಸೂಚನೆಯ ಮಾದರಿ ಕಟ್ಟಿದರು. 2017ರ ಯೆಮನ್‌ನ ಅತಿ ಅಪಾಯದ ಪ್ರದೇಶಗಳನ್ನು ಅದು ಶೇ 92ರಷ್ಟು ಸರಿಯಾಗಿ ಹೇಳಿತೆಂದು ನಾಸಾ ತಿಳಿಸಿತು. 2018ರಲ್ಲಿ ಬ್ರಿಟನ್ ಸರ್ಕಾರ ಮತ್ತು ಯುನಿಸೆಫ್ ಆ ಮುನ್ಸೂಚನೆ ನೋಡಿ ಮಳೆಗೆ ಮೊದಲೇ ಕ್ಲೋರಿನ್ ಮಾತ್ರೆ, ನೈರ್ಮಲ್ಯದ ಕಿಟ್‌ಗಳನ್ನು ಸಾಗಿಸಿದವು. ಯುದ್ಧದಿಂದ ರಸ್ತೆ ಮುಚ್ಚಿದ ದೇಶದಲ್ಲಿ ನಾಲ್ಕು ವಾರ ಮುಂಚಿನ ಸೂಚನೆ ಎಂದರೆ ಲಾರಿ ಹೊರಡಿಸಲು ಸಿಗುವ ಸಮಯ. ಆದರೆ ಉಪಗ್ರಹಕ್ಕೆ ಒಡೆದ ಪೈಪ್ ಕಾಣುವುದಿಲ್ಲ. ನಮ್ಮ ನಗರಗಳಲ್ಲಿ ಚರಂಡಿ ಲೈನ್ ಕುಡಿಯುವ ನೀರಿನ ಲೈನಿಗೆ ಸೇರಿ ಆಗುವ ಕಾಲರಾವನ್ನು ಆಕಾಶದಿಂದ ಊಹಿಸಲಾಗದು. ರಾಜ್ಯ ಮಟ್ಟದಲ್ಲಿ, ನೆರೆಯ ಕಾಲದ ದಾಸ್ತಾನಿನ ಯೋಜನೆಗೆ ಮಾತ್ರ ಇದನ್ನು ಆರಿಸಿಕೊಳ್ಳಿ.

ನಿಮ್ಮ ಜಾಗಕ್ಕೆ ಯಾವುದು?

ಪಿಎಚ್‌ಸಿಯಲ್ಲಿದ್ದರೆ ಕಿಟ್, ಕ್ಯಾರಿ ಬ್ಲೇರ್, ಒಂದು ಕ್ಲೋರೋಸ್ಕೋಪ್, ಆಶಾ ಕಾರ್ಯಕರ್ತೆಯರ ಫೋನಿಗೆ ಹಗಲು ರಾತ್ರಿ ಉತ್ತರಿಸುವ ಒಬ್ಬರು. ಇಷ್ಟಿದ್ದರೆ ನೀವು ಬಹಳ ಮುಂದಿದ್ದೀರಿ. ತಾಲ್ಲೂಕು ಆಸ್ಪತ್ರೆಗೆ ಪೆಪ್ಟೋನ್ ನೀರು ಮತ್ತು ಇನ್‌ಕ್ಯುಬೇಟರ್ ಸೇರಿಸಿ. ಜಿಲ್ಲೆಗೆ ಕಲ್ಚರ್ ಕಡ್ಡಾಯ, ಪಿಸಿಆರ್ ಇದ್ದರೆ ಒಳ್ಳೆಯದು. ಜೀನೋಮ್ ಕೆಲಸವನ್ನು ರಾಜ್ಯದ ದೊಡ್ಡ ಲ್ಯಾಬಿಗೆ ಬಿಡಿ. ಜಾತ್ರೆಯಂಥ ಕಡೆ ಲಕ್ಷ ಜನ ಎರಡು ದಿನ ಸೇರಿ ಚದುರಿ ಹೋಗುತ್ತಾರೆ, ಕಲ್ಚರ್ ವರದಿ ಬರುವಷ್ಟರಲ್ಲಿ ಯಾರೂ ಅಲ್ಲಿರುವುದಿಲ್ಲ. ಅಲ್ಲಿ ಗಂಟೆಗೊಮ್ಮೆ ಟ್ಯಾಂಕರ್ ನೀರಿನ ಕ್ಲೋರಿನ್ ನೋಡುವುದೇ ಮುಖ್ಯ. ಭೇದಿಯೆಂದು ಬಂದವರ ಊರು ಮತ್ತು ಫೋನ್ ನಂಬರ್ ಬರೆದುಕೊಂಡು ಅವರ ಜಿಲ್ಲೆಗೆ ತಿಳಿಸುವುದು ಆಮೇಲಿನದು.

ಕಾಲರಾ ಮುಗಿಯಿತು ಎಂದು ಹೇಳುವಾಗಲೂ ಆಯ್ಕೆ ಮಾಡಬೇಕಾಗುತ್ತದೆ. ರೋಗಿಗಳು ಬರುವುದು ಕಡಿಮೆಯಾದ ಕೂಡಲೇ ಪರೀಕ್ಷೆ ನಿಲ್ಲಿಸುವುದು ಎಲ್ಲ ಕಡೆ ಕಾಣುವ ಅಭ್ಯಾಸ. ಜಾಗತಿಕ ಕಾರ್ಯಪಡೆಯ ಮಾರ್ಗಸೂಚಿ ಹೇಳುವುದು ಬೇರೆ. ಕನಿಷ್ಠ ನಾಲ್ಕು ವಾರ ಸತತವಾಗಿ, ಬಂದ ಪ್ರತಿ ಶಂಕಿತರ ಮಾದರಿಯೂ ಕಾಲರಾ ಇಲ್ಲ ಎಂದು ಬರಬೇಕು. ಹಾಗಾಗಿ ಪ್ರಕರಣಗಳು ಇಳಿಯುತ್ತಿದ್ದಂತೆ ದಿನಕ್ಕೆ ಮೂವರ ನಿಯಮ ಬಿಟ್ಟು, ಮತ್ತೆ ಎಲ್ಲ ಶಂಕಿತರಿಗೂ ಕಿಟ್ ಹಾಕಲು ಶುರುಮಾಡಿ. ಕಾಲರಾ ಕಡಿಮೆಯಾದಷ್ಟೂ ಸುಳ್ಳು ಗೆರೆಗಳ ಪಾಲು ಜಾಸ್ತಿಯಾಗುತ್ತದೆ ಎಂಬ ಮೇಲಿನ ಲೆಕ್ಕ ಇಲ್ಲೂ ಅನ್ವಯಿಸುತ್ತದೆ. ಆದ್ದರಿಂದ ಈ ಹಂತದಲ್ಲಿ ಗೆರೆ ಬಂದ ಪ್ರತಿ ಮಾದರಿಯೂ ಕಲ್ಚರ್‌ಗೆ ಹೋಗಬೇಕು. ಇದಕ್ಕಾಗಿ ಒಂದಷ್ಟು ಕಿಟ್ ಮತ್ತು ಕ್ಯಾರಿ ಬ್ಲೇರ್ ಟ್ಯೂಬ್‌ಗಳನ್ನು ಮೊದಲ ದಿನವೇ ಬೇರೆ ತೆಗೆದಿಡಿ.